ಹೋಲುತ್ತದೆ ಎಂದರೆ ಸಾಕೆ? ಒಂದು ರಾಕ್ ತಂಡದ ಆರಂಭದ ದಿನಗಳ ಮೂಲಕ ತುಲನೆಯ ಪಾಠ

ಪೀಠಿಕೆ

ನಮ್ಮ ಬೋಧನಾಭ್ಯಾಸದ ಪಾಠ ಯೋಜನೆಗಳಲ್ಲಿ ‘ವಿದ್ಯಾರ್ಥಿಯು ಹೋಲಿಸುತ್ತಾನೆ, ವ್ಯತ್ಯಾಸ ಗುರುತಿಸುತ್ತಾನೆ’ ಎಂಬ ನಿರ್ದಿಷ್ಟೀಕರಣ ಬಾರದ ದಿನವಿಲ್ಲ. ಆದರೆ ತರಗತಿಯಲ್ಲಿ ನಡೆಯುವುದು ಬಹುಮಟ್ಟಿಗೆ ಒಂದೇ. ಕಪ್ಪುಹಲಗೆಯ ನಡುವೆ ಒಂದು ಗೆರೆ ಎಳೆಯುತ್ತೇವೆ. ಎಡಕ್ಕೆ ಸಾಮ್ಯ, ಬಲಕ್ಕೆ ಭಿನ್ನತೆ. ಮಕ್ಕಳು ಎರಡೂ ಕಡೆ ನಾಲ್ಕು ನಾಲ್ಕು ಅಂಶ ಹೇಳುತ್ತಾರೆ. ಗಂಟೆ ಬಾರಿಸುತ್ತದೆ. ಆ ಸಾಮ್ಯ ಏಕೆ ಬಂತು, ಅದಕ್ಕೆ ತೂಕವಿದೆಯೇ, ಅದರಿಂದ ಯಾವ ತೀರ್ಮಾನಕ್ಕೆ ಬರಬಹುದು ಎಂಬ ಪ್ರಶ್ನೆಗಳು ಉಳಿದೇ ಹೋಗುತ್ತವೆ.

ತುಲನೆ ಮಾಡುವುದನ್ನು ಯಾರೂ ಹೇಳಿಕೊಡದೆಯೇ ಹುಮ್ಮಸ್ಸಿನಿಂದ ಮಾಡುವವರು ಸಂಗೀತದ ಅಭಿಮಾನಿಗಳು. ತಮ್ಮ ಮೆಚ್ಚಿನ ತಂಡದ ಮೊದಲ ಕಲಾವಿದರು ಯಾರಂತೆ ನುಡಿಸುತ್ತಿದ್ದರು, ಯಾರಿಂದ ಕಲಿತರು, ಎಲ್ಲಿ ನಕಲು ಮಾಡಿದರು, ಎಲ್ಲಿ ಮೀರಿದರು ಎಂದು ಅವರು ವರ್ಷಗಟ್ಟಲೆ ವಾದಿಸುತ್ತಾರೆ. ಅವರ ವಾದಗಳಲ್ಲಿ ಸೂಕ್ಷ್ಮವಾದ ಕಿವಿಯೂ ಇರುತ್ತದೆ, ಆತುರದ ತೀರ್ಪೂ ಇರುತ್ತದೆ. ಈ ಎರಡನ್ನೂ ಬೇರ್ಪಡಿಸುವುದನ್ನೇ ಪಾಠವಾಗಿಸಿದರೆ ಹೇಗೆ ಎಂಬ ಯೋಚನೆಯಿಂದ ಈ ಪಾಠ ಹುಟ್ಟಿತು. ಇದನ್ನು ಮೊದಲು ಪ್ರಶಿಕ್ಷಣಾರ್ಥಿಗಳಿಗೆ 90 ನಿಮಿಷಗಳ ಪ್ರಾತ್ಯಕ್ಷಿಕೆಯಾಗಿ ಮಾಡಲಾಯಿತು. 9ನೇ ತರಗತಿಗೆ 45 ನಿಮಿಷಗಳ ಎರಡು ಅವಧಿಗಳಾಗಿ ಒಡೆದುಕೊಳ್ಳಬಹುದು.

ಇಂಗ್ಲೆಂಡಿನ ‘ಫ್ಲೀಟ್‌ವುಡ್ ಮ್ಯಾಕ್’ ತಂಡವನ್ನು ಆರಿಸಲು ಕಾರಣವಿದೆ. ನಮ್ಮ ಸಿನಿಮಾ ಗಾಯಕರನ್ನು ತೆಗೆದುಕೊಂಡಿದ್ದರೆ ತರಗತಿ ಮೊದಲ ನಿಮಿಷದಲ್ಲೇ ಎರಡು ಪಕ್ಷವಾಗುತ್ತಿತ್ತು. ಇಲ್ಲಿ ಯಾರಿಗೂ ಪಕ್ಷವಿಲ್ಲ. ಹಾಡುಗಳು ಹೊಸವು, ಹೆಸರುಗಳು ಹೊಸವು. ಕಿವಿಯನ್ನೂ ಕೊಟ್ಟ ಆಧಾರವನ್ನೂ ನಂಬದೆ ಬೇರೆ ದಾರಿಯಿಲ್ಲ.

ಕಲಿಕೆಯ ಉದ್ದೇಶಗಳು

1. ಸಾಮ್ಯ, ಪ್ರಭಾವ, ಅನುಕರಣೆ ಎಂಬ ಮೂರು ಪದಗಳ ನಡುವಿನ ಅಂತರವನ್ನು ಉದಾಹರಣೆಯೊಂದಿಗೆ ವಿವರಿಸುವುದು.
2. ಒಂದು ತುಲನಾತ್ಮಕ ಹೇಳಿಕೆಗೆ ಯಾವ ಆಧಾರ ಬೇಕು ಎಂದು ಕೇಳುವುದು.
3. ಆಧಾರ ಎಷ್ಟಿದೆಯೋ ಅಷ್ಟೇ ಬಲದ ವಾಕ್ಯವನ್ನು ಬರೆಯುವುದು.

ಶಿಕ್ಷಕರಿಗೆ ಬೇಕಾದ ಹಿನ್ನೆಲೆ

ಇಂದು ಹೆಚ್ಚಿನವರು ಫ್ಲೀಟ್‌ವುಡ್ ಮ್ಯಾಕ್ ಎಂದರೆ 1977ರ ‘ರೂಮರ್ಸ್’ ಆಲ್ಬಮ್ ನೆನೆಯುತ್ತಾರೆ. ಆದರೆ ಆ ಹೊತ್ತಿಗೆ ತಂಡದ ಗಿಟಾರ್ ವಾದಕರೆಲ್ಲ ಬದಲಾಗಿದ್ದರು. ಮೊದಲ ತಂಡ 1967ರಲ್ಲಿ ಲಂಡನ್ನಿನಲ್ಲಿ ಕಟ್ಟಿದ್ದು. ಅದರ ಮುಂದಾಳು ಗಿಟಾರ್ ವಾದಕ ಪೀಟರ್ ಗ್ರೀನ್. ತಂಡಕ್ಕೆ ತನ್ನ ಹೆಸರಿಡದೆ, ಡ್ರಮ್ಸ್ ನುಡಿಸುವ ಮಿಕ್ ಫ್ಲೀಟ್‌ವುಡ್ ಮತ್ತು ಬೇಸ್ ಗಿಟಾರಿನ ಜಾನ್ ಮ್ಯಾಕ್‌ವೀ ಇವರ ಹೆಸರುಗಳನ್ನು ಜೋಡಿಸಿದರು. ಎರಡನೆಯ ಗಿಟಾರ್ ವಾದಕ ಜೆರೆಮಿ ಸ್ಪೆನ್ಸರ್. 1967ರ ಆಗಸ್ಟ್ 13ರಂದು ವಿಂಡ್ಸರ್ ಉತ್ಸವದಲ್ಲಿ ತಂಡ ಮೊದಲ ಬಾರಿ ವೇದಿಕೆ ಏರಿದಾಗ ಮ್ಯಾಕ್‌ವೀ ಇನ್ನೂ ಸೇರಿರಲಿಲ್ಲ; ಬೇಸ್ ನುಡಿಸಿದವರು ಬಾಬ್ ಬ್ರನ್ನಿಂಗ್. ಕೆಲವೇ ವಾರಗಳಲ್ಲಿ ಮ್ಯಾಕ್‌ವೀ ಬಂದರು. 1968ರ ಫೆಬ್ರವರಿಯಲ್ಲಿ ಮೊದಲ ಆಲ್ಬಮ್ ಹೊರಬಂತು. ಅದೇ ವರ್ಷ ಆಗಸ್ಟಿನಲ್ಲಿ 18 ವರ್ಷದ ಡ್ಯಾನಿ ಕಿರ್ವಾನ್ ಮೂರನೆಯ ಗಿಟಾರ್ ವಾದಕರಾಗಿ ಸೇರಿದರು. 1970ರ ಮೇ ತಿಂಗಳಲ್ಲಿ ಗ್ರೀನ್ ತಂಡ ಬಿಟ್ಟರು.

ಈ ತಂಡ ನುಡಿಸುತ್ತಿದ್ದುದು ‘ಬ್ಲೂಸ್’. ಅದು ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಹಾಡುಪದ್ಧತಿ. ಮಿಸಿಸಿಪ್ಪಿಯ ಹತ್ತಿಹೊಲಗಳಿಂದ ಉತ್ತರದ ಶಿಕಾಗೋ ನಗರಕ್ಕೆ ವಲಸೆ ಹೋದವರು ಅದಕ್ಕೆ ವಿದ್ಯುತ್ ಗಿಟಾರ್ ಸೇರಿಸಿದರು. ಅದರ ಸಾಮಾನ್ಯ ಚೌಕಟ್ಟು 12 ಆವರ್ತಗಳದ್ದು, ಪ್ರತಿ ಆವರ್ತಕ್ಕೆ 4 ಎಣಿಕೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲ 4 ಆವರ್ತ ಷಡ್ಜವನ್ನು ಆಧರಿಸಿದ ಸ್ವರಮೇಳ, ಆಮೇಲೆ 2 ಆವರ್ತ ಮಧ್ಯಮದ್ದು, 2 ಮತ್ತೆ ಷಡ್ಜದ್ದು, 1 ಪಂಚಮದ್ದು, 1 ಮಧ್ಯಮದ್ದು, ಕೊನೆಯ 2 ಷಡ್ಜದ್ದು. ಸಾಹಿತ್ಯವೂ ಇದಕ್ಕೆ ಹೊಂದುತ್ತದೆ: ಒಂದು ಸಾಲು, ಅದರ ಪುನರಾವರ್ತನೆ, ಮೂರನೆಯದಾಗಿ ಅದಕ್ಕೊಂದು ಉತ್ತರ.

ಲಂಡನ್ನಿನ ಈ ಬಿಳಿಯ ಹುಡುಗರಿಗೆ ಶಿಕಾಗೋ ಸಂಗೀತ ತಲುಪಿದ ದಾರಿಗಳು ಗೊತ್ತಿರುವಂಥವೇ. ಮಡ್ಡಿ ವಾಟರ್ಸ್ ಮತ್ತು ಪಿಯಾನೋ ವಾದಕ ಓಟಿಸ್ ಸ್ಪ್ಯಾನ್ 1958ರಲ್ಲೇ ಇಂಗ್ಲೆಂಡ್ ಪ್ರವಾಸ ಮಾಡಿದ್ದರು. 1962ರಿಂದ ‘ಅಮೆರಿಕನ್ ಫೋಕ್ ಬ್ಲೂಸ್ ಫೆಸ್ಟಿವಲ್’ ಎಂಬ ಸಂಚಾರಿ ಉತ್ಸವ ಯೂರೋಪಿಗೆ ಕಲಾವಿದರನ್ನು ಕರೆತರುತ್ತಿತ್ತು. ಉಳಿದದ್ದು ಆಮದಾದ ಗ್ರಾಮಫೋನ್ ತಟ್ಟೆಗಳ ಕೆಲಸ. ಗ್ರೀನ್, ಫ್ಲೀಟ್‌ವುಡ್, ಮ್ಯಾಕ್‌ವೀ ಮೂವರೂ ಜಾನ್ ಮೇಯಲ್ ಅವರ ‘ಬ್ಲೂಸ್‌ಬ್ರೇಕರ್ಸ್’ ತಂಡದಲ್ಲಿದ್ದವರು. ಅಲ್ಲಿ ಎರಿಕ್ ಕ್ಲ್ಯಾಪ್ಟನ್ ಬಿಟ್ಟುಹೋದ ಜಾಗಕ್ಕೆ 1966ರಲ್ಲಿ ಬಂದವರು ಗ್ರೀನ್.

ಇಷ್ಟನ್ನು ಶಿಕ್ಷಕರು ತಿಳಿದಿರಬೇಕು. ಪಾಠದ ಆರಂಭದಲ್ಲೇ ಹೇಳಬಾರದು. ಏಕೆಂಬುದು ಮುಂದೆ ಬರುತ್ತದೆ.

ಪಾಠದ ನಡೆ

ಹಂತ 1: ಮೊದಲು ಧ್ವನಿ

ಹೆಸರು, ಚಿತ್ರ, ವರ್ಷ ಏನನ್ನೂ ಕೊಡದೆ ಎರಡು ತುಣುಕುಗಳನ್ನು ತಲಾ 30 ಸೆಕೆಂಡು ಕೇಳಿಸಬೇಕು. ಒಂದು, ಎಲ್ಮೋರ್ ಜೇಮ್ಸ್ 1951ರಲ್ಲಿ ಮುದ್ರಿಸಿದ ‘ಡಸ್ಟ್ ಮೈ ಬ್ರೂಮ್’. ಇನ್ನೊಂದು, ಅದೇ ಹಾಡನ್ನು 1968ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ತಂಡದಲ್ಲಿ ಜೆರೆಮಿ ಸ್ಪೆನ್ಸರ್ ನುಡಿಸಿದ್ದು. ಮೊಬೈಲ್ ಮತ್ತು ಒಂದು ಸಣ್ಣ ಸ್ಪೀಕರ್ ಸಾಕು. ಎರಡೂ ಬೇರೆ ಬೇರೆ ಹಾಡೋ ಒಂದೇ ಹಾಡೋ, ಒಬ್ಬರೇ ನುಡಿಸಿದ್ದೋ ಇಬ್ಬರೋ ಎಂದಷ್ಟೇ ಕೇಳಬೇಕು.

ಬ್ಲೂಸ್ ಎಂಬ ಪದವನ್ನೇ ಕೇಳದ ಪ್ರಶಿಕ್ಷಣಾರ್ಥಿಗಳೂ ಮೊದಲ ಎರಡು ಸೆಕೆಂಡಿನಲ್ಲಿ ತಲೆಯೆತ್ತಿದರು. ಒಂದು ಎಣಿಕೆಗೆ ಮೂರು ಹೊಡೆತದಂತೆ ಮೇಲಿನ ಸ್ವರದಲ್ಲಿ ಗಿಟಾರ್ ಕಿರುಚುತ್ತಾ ಶುರುವಾಗುವ ಆ ನುಡಿಸಾಣಿಕೆ ಎರಡರಲ್ಲೂ ಒಂದೇ. ತಂತಿಯ ಮೇಲೆ ಬೆರಳಿನ ಬದಲು ಲೋಹದ ಅಥವಾ ಗಾಜಿನ ಕೊಳವೆಯನ್ನು ಜಾರಿಸಿ ಹೊರಡಿಸುವ ಸದ್ದು ಅದು. ‘ಒಬ್ಬರೇ, ಒಂದು ಹಳೆಯ ಮುದ್ರಣ, ಒಂದು ಹೊಸದು’ ಎಂದು ಹೆಚ್ಚಿನವರು ಬರೆದರು. ಈ ತಪ್ಪು ಉತ್ತರ ನಮಗೆ ಬೇಕಾದದ್ದೇ. ಇಬ್ಬರ ನಡುವೆ 17 ವರ್ಷ ಮತ್ತು ಒಂದು ಸಾಗರದ ಅಂತರವಿದೆ ಎಂದು ತಿಳಿದಾಗ ‘ಹೇಗೆ?’ ಎಂಬ ಪ್ರಶ್ನೆ ತರಗತಿಯಿಂದಲೇ ಬಂತು.

ಹಂತ 2: ನಾಲ್ಕು ಪ್ರಶ್ನೆಗಳು

ಆಗ ಕಪ್ಪುಹಲಗೆಯ ಮೇಲೆ ನಾಲ್ಕು ಪ್ರಶ್ನೆ ಬರೆಯಬೇಕು. ಪಾಠದುದ್ದಕ್ಕೂ ಅವನ್ನು ಅಳಿಸಬಾರದು.

(ಅ) ಯಾವ ಅಂಶದಲ್ಲಿ ಹೋಲಿಕೆ? ಒಟ್ಟಾರೆ ‘ಹಾಗೇ ಇದೆ’ ಎನ್ನುವಂತಿಲ್ಲ.
(ಆ) ಆ ಅಂಶ ಆ ಪ್ರಕಾರದ ಎಲ್ಲರಲ್ಲೂ ಇದೆಯೇ, ಅಥವಾ ಒಬ್ಬರ ವಿಶೇಷವೇ?
(ಇ) ಹಿರಿಯರ ಕೃತಿ ಕಿರಿಯರಿಗೆ ತಲುಪಿತ್ತು ಎನ್ನಲು ಆಧಾರವೇನು? ಹೋಲಿಕೆಗೆ ಬೇರೆ ಕಾರಣ ಇರಬಹುದೇ?
(ಈ) ತೆಗೆದುಕೊಂಡದ್ದರಲ್ಲಿ ಏನನ್ನು ಬದಲಾಯಿಸಿದರು?

ಮೊದಲನೆಯದಕ್ಕೆ ಮಾತ್ರ ಉತ್ತರವಿದ್ದರೆ ಅದು ಸಾಮ್ಯ. ಮೊದಲ ಮೂರಕ್ಕೂ ಉತ್ತರವಿದ್ದರೆ ಪ್ರಭಾವ ಎನ್ನಬಹುದು. ಮೂರಕ್ಕೂ ಉತ್ತರವಿದ್ದು ನಾಲ್ಕನೆಯದಕ್ಕೆ ‘ಏನೂ ಇಲ್ಲ’ ಎಂದಾದರೆ ಅನುಕರಣೆ.

ಹಂತ 3: ಅಭಿಮಾನಿಗಳ ಮಾತನ್ನು ಒರೆಗೆ ಹಚ್ಚುವುದು

ತರಗತಿಯನ್ನು ಐದು ಗುಂಪು ಮಾಡಿ, ಈ ತಂಡದ ಬಗ್ಗೆ ಅಭಿಮಾನಿಗಳು ಆಡುವಂಥ ಮಾತುಗಳನ್ನು ನಮ್ಮ ವಾಕ್ಯದಲ್ಲಿ ಬರೆದು ಗುಂಪಿಗೊಂದು ಚೀಟಿ ಕೊಡಬೇಕು. ಜೊತೆಗೆ ಸಂಬಂಧಪಟ್ಟ ಧ್ವನಿತುಣುಕು ಮತ್ತು ಐದಾರು ಸಾಲಿನ ಮಾಹಿತಿ. ಪ್ರತಿ ಗುಂಪು ಎಲ್ಲಿಗೆ ತಲುಪಬಹುದು ಎಂಬುದನ್ನು ಕೆಳಗೆ ಕೊಟ್ಟಿದೆ.

ಚೀಟಿ 1: ‘ಅವರ ಹಾಡುಗಳೆಲ್ಲ 12 ಆವರ್ತದ ಬ್ಲೂಸ್, ಆದ್ದರಿಂದ ಮಡ್ಡಿ ವಾಟರ್ಸ್ ನಕಲು.’ ಈ ಹೇಳಿಕೆ ಪ್ರಶ್ನೆ (ಆ)ದಲ್ಲೇ ಬೀಳುತ್ತದೆ. 12 ಆವರ್ತದ ಚೌಕಟ್ಟು ಯಾರೊಬ್ಬರ ಸ್ವತ್ತೂ ಅಲ್ಲ. ಭಾಮಿನಿ ಷಟ್ಪದಿಯಲ್ಲಿ ಬರೆದ ಕವಿಗಳೆಲ್ಲ ಕುಮಾರವ್ಯಾಸನನ್ನು ನಕಲು ಮಾಡಿದರು ಎಂದಂತೆ ಆಗುತ್ತದೆ. ಛಂದಸ್ಸು ಹಂಚಿಕೊಂಡದ್ದು, ಅದರಿಂದ ಏನನ್ನೂ ಸಾಧಿಸಲಾಗದು. ನಮ್ಮ ಕನ್ನಡ ವಿಷಯದ ಪ್ರಶಿಕ್ಷಣಾರ್ಥಿಗಳು ಇದನ್ನು ಎಲ್ಲರಿಗಿಂತ ಬೇಗ ಹಿಡಿದರು.

ಚೀಟಿ 2: ‘ಜೆರೆಮಿ ಸ್ಪೆನ್ಸರ್ ಎಂದರೆ ಎಲ್ಮೋರ್ ಜೇಮ್ಸ್ ಪ್ರತಿಬಿಂಬ.’ ಹೋಲುವ ಅಂಶ ಖಚಿತ: ಆ ಆರಂಭದ ನುಡಿಸಾಣಿಕೆ, ಜಾರುಕೊಳವೆಯ ಸದ್ದು, ಗಂಟಲನ್ನು ಸೀಳುವಂಥ ಹಾಡುಗಾರಿಕೆ. ಅದು ಜೇಮ್ಸ್ ಗುರುತೇ ಆಗಿದ್ದದ್ದು. ತಲುಪಿದ್ದಕ್ಕೆ ಆಧಾರ ಬೇಕೆಂದರೆ ತಂಡದ ಮೊದಲ ಎರಡು ಆಲ್ಬಮ್‌ಗಳಲ್ಲಿ ಜೇಮ್ಸ್ ಹಾಡುಗಳು ಅವರ ಹೆಸರಿನಲ್ಲೇ ಇವೆ. ಬದಲಾವಣೆ ಬಹಳ ಕಡಿಮೆ. 1968ರ ‘ಮಿಸ್ಟರ್ ವಂಡರ್‌ಫುಲ್’ ಆಲ್ಬಮ್‌ನಲ್ಲಿ ಸ್ಪೆನ್ಸರ್ ಹಾಡಿದ ಒಂದಕ್ಕಿಂತ ಹೆಚ್ಚು ಹಾಡುಗಳು ಅದೇ ನುಡಿಸಾಣಿಕೆಯಿಂದ ತೊಡಗುತ್ತವೆ. ಹಾಗಾಗಿ ‘ಅನುಕರಣೆ’ ಎಂಬ ಪದ ಇಲ್ಲಿ ನಿಲ್ಲುತ್ತದೆ.

ಆದರೆ ಗುಂಪಿಗೆ ಇನ್ನೊಂದು ಮಾಹಿತಿ ಕೊಡಬೇಕು. ಸ್ಪೆನ್ಸರ್ ವೇದಿಕೆಯ ಮೇಲೆ 1950ರ ದಶಕದ ರಾಕ್ ಅಂಡ್ ರೋಲ್ ಗಾಯಕರನ್ನೂ ಅಣಕಿಸಿ ಹಾಡುತ್ತಿದ್ದರು. 1970ರ ಅವರ ಸ್ವಂತ ಆಲ್ಬಮ್ ಬಹುಮಟ್ಟಿಗೆ ಅಂಥ ಅನುಕರಣೆಗಳದ್ದೇ. ಇನ್ನೊಬ್ಬರ ಧ್ವನಿಯನ್ನು ಹೊಕ್ಕು ಮಾತಾಡುವುದೇ ಅವರ ಕಲೆಯಾಗಿತ್ತು. ಅನುಕರಣೆ ಎಂಬುದು ವರ್ಣನೆ. ಅದನ್ನು ಬೈಗುಳವಾಗಿ ಬಳಸಬೇಕಾಗಿಲ್ಲ ಎಂಬ ಅರಿವು ಇಲ್ಲಿ ಬರಬೇಕು.

ಚೀಟಿ 3: ‘ಪೀಟರ್ ಗ್ರೀನ್ ನುಡಿಸುವುದು ಥೇಟ್ ಬಿ.ಬಿ. ಕಿಂಗ್.’ ಕಡಿಮೆ ಸ್ವರ, ಸ್ವರಗಳ ನಡುವೆ ಬಿಡುವು, ಹಾಡಿನ ಒಂದು ಸಾಲಿಗೆ ಗಿಟಾರ್ ಉತ್ತರ ಹೇಳುವ ರೀತಿ: ಈ ಹೋಲಿಕೆ ನಿಜ. ಸ್ವತಃ ಕಿಂಗ್ ಅವರೇ ಗ್ರೀನ್ ಅವರ ನಾದವನ್ನು ಬಹಿರಂಗವಾಗಿ ಹೊಗಳಿದ್ದಾರೆ. ಆದರೆ ಹಾಡು ಮತ್ತು ಗಿಟಾರಿನ ಸಂವಾದ ಕಿಂಗ್‌ರಿಂದ ಶುರುವಾದದ್ದಲ್ಲ. ಕಿಂಗ್ ತಮಗಿಂತ ಹಿರಿಯರಾದ ಟಿ-ಬೋನ್ ವಾಕರ್ ಅವರ ಋಣ ಒಪ್ಪಿಕೊಂಡವರು.

ಇನ್ನೊಂದು ಸಂಗತಿ ಪ್ರಶ್ನೆ (ಇ)ಗೆ ಒಳ್ಳೆಯ ಪರೀಕ್ಷೆ. ಗ್ರೀನ್ ಬಳಿ ಇದ್ದುದು 1959ರ ಗಿಬ್ಸನ್ ಲೆಸ್ ಪಾಲ್ ಗಿಟಾರ್. ಅದರ ಎರಡು ಪಿಕಪ್‌ಗಳ ಪೈಕಿ ಒಂದರ ಅಯಸ್ಕಾಂತ ತಿರುಗುಮುರುಗಾಗಿತ್ತು. ಎರಡನ್ನೂ ಒಟ್ಟಿಗೆ ಹಾಕಿದಾಗ ಒಂದರ ತರಂಗ ಇನ್ನೊಂದರದನ್ನು ಭಾಗಶಃ ಅಳಿಸಿ, ಮೂಗಿನಿಂದ ಬಂದಂಥ ತೆಳುವಾದ ನಾದ ಹೊರಡುತ್ತಿತ್ತು. ಗ್ರೀನ್ ನಾದದ ಒಂದು ಭಾಗ ಯಾರಿಂದಲೂ ಕಲಿತದ್ದಲ್ಲ, ಗಿಟಾರಿನಿಂದ ಬಂದದ್ದು. ಹೋಲಿಕೆಗಾಗಲಿ ಭಿನ್ನತೆಗಾಗಲಿ ಕಾರಣ ಯಾವಾಗಲೂ ಒಬ್ಬ ಗುರುವೇ ಆಗಿರಬೇಕಿಲ್ಲ. ಭೌತಶಾಸ್ತ್ರದ ಪ್ರಶಿಕ್ಷಣಾರ್ಥಿಗಳು ತರಂಗಗಳ ವ್ಯತಿಕರಣದ ಪಾಠಕ್ಕೆ ಇದನ್ನೇ ಪೀಠಿಕೆ ಮಾಡಿಕೊಳ್ಳಬಹುದು.

ಚೀಟಿ 4: ‘ಬ್ಲ್ಯಾಕ್ ಮ್ಯಾಜಿಕ್ ವುಮನ್ ಹುಟ್ಟಿದ್ದು ಓಟಿಸ್ ರಶ್ ಅವರ ಆಲ್ ಯುವರ್ ಲವ್ ಹಾಡಿನಿಂದ.’ ಮೊದಲನೆಯದು ಗ್ರೀನ್ ಬರೆದು 1968ರಲ್ಲಿ ತಂಡ ಮುದ್ರಿಸಿದ ಹಾಡು. ಎರಡನೆಯದು ಶಿಕಾಗೋದಲ್ಲಿ 1958ರಲ್ಲಿ ಮುದ್ರಣವಾದದ್ದು. ಎರಡೂ ಮೈನರ್ ಶ್ರುತಿಯಲ್ಲಿವೆ. ಎರಡರಲ್ಲೂ ತೂಗಾಡುವ ಲ್ಯಾಟಿನ್ ಲಯ. ಎರಡರಲ್ಲೂ ಅದು ಇದ್ದಕ್ಕಿದ್ದಂತೆ ಚುರುಕಾದ ಬ್ಲೂಸ್ ನಡೆಗೆ ತಿರುಗುತ್ತದೆ. ಒಂದು ಅಂಶ ಹೋಲಿದರೆ ಆಕಸ್ಮಿಕ ಎನ್ನಬಹುದು. ಮೂರು ವಿಶೇಷಗಳು ಒಟ್ಟಿಗೆ ಬಂದರೆ ಆಕಸ್ಮಿಕ ಎನ್ನುವುದು ಕಷ್ಟ. ದಾರಿಯೂ ಸಿಗುತ್ತದೆ: ರಶ್ ಅವರ ಹಾಡೇ ಜಾನ್ ಮೇಯಲ್ ತಂಡದ 1966ರ ಆಲ್ಬಮ್‌ನ ಮೊದಲ ಹಾಡು, ಗ್ರೀನ್ ಆ ವರ್ಷವೇ ಆ ತಂಡಕ್ಕೆ ಸೇರಿದವರು.

ಹಾಗಾದರೆ ನಕಲೇ? ಪ್ರಶ್ನೆ (ಈ) ಕೇಳಬೇಕು. ರಶ್ ಹಾಡಿನಲ್ಲಿ ಚುರುಕಿನ ಭಾಗ ನಡುವೆ ಬಂದು ಮತ್ತೆ ಮೊದಲ ಲಯಕ್ಕೆ ಮರಳುತ್ತದೆ. ಗ್ರೀನ್ ಅದನ್ನು ಕೊನೆಗೆ ಇಟ್ಟರು. ರಾಗ ಬೇರೆ, ಮಾತು ಬೇರೆ. 1970ರಲ್ಲಿ ಸಂಟಾನಾ ತಂಡ ಇದೇ ಹಾಡನ್ನು ಇನ್ನಷ್ಟು ಲ್ಯಾಟಿನ್ ವಾದ್ಯಗಳೊಂದಿಗೆ ನುಡಿಸಿ ಜಗತ್ತಿಗೆ ಪರಿಚಯಿಸಿತು. ಇಂದು ಬಹಳ ಜನ ಅದನ್ನು ಸಂಟಾನಾ ಹಾಡೆಂದೇ ತಿಳಿದಿದ್ದಾರೆ. ಈ ಗುಂಪಿನ ಸರಿಯಾದ ತೀರ್ಮಾನ: ‘ಪ್ರಭಾವವಿದೆ, ಆಧಾರ ಬಲವಾಗಿದೆ, ಹೊಸ ಕೃತಿಯಾಗಿದೆ.’

ಚೀಟಿ 5: ‘ಆಲ್ಬಟ್ರಾಸ್ ಕೇಳಿದರೆ ಸ್ಲೀಪ್ ವಾಕ್ ಕೇಳಿದಂತೆಯೇ.’ 1968ರ ನವೆಂಬರಿನಲ್ಲಿ ಬಂದ ಗ್ರೀನ್ ಅವರ ‘ಆಲ್ಬಟ್ರಾಸ್’ ಮಾತಿಲ್ಲದ ವಾದ್ಯಸಂಗೀತ. ಮುಂದಿನ ಜನವರಿಯಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ‘ಸ್ಲೀಪ್ ವಾಕ್’ ಅಮೆರಿಕದ ಸ್ಯಾಂಟೋ ಮತ್ತು ಜಾನಿ ಸೋದರರ 1959ರ ವಾದ್ಯಸಂಗೀತ. ಎರಡೂ ನಿಧಾನ, ಎರಡರಲ್ಲೂ ಗಿಟಾರ್ ಅಲೆಯಂತೆ ಜಾರುತ್ತದೆ. ಆದರೆ ಚೀಟಿಯೊಡನೆ ಕೊಟ್ಟ ಮಾಹಿತಿಯಲ್ಲಿ ಒಂದರಿಂದ ಇನ್ನೊಂದಕ್ಕೆ ದಾರಿ ತೋರುವ ಸಾಲೊಂದೂ ಇಲ್ಲ. ಅದನ್ನು ಬೇಕೆಂದೇ ಹಾಗೆ ಬಿಟ್ಟಿದೆ. ಗುಂಪು ‘ಸಾಮ್ಯ’ ಎಂಬಲ್ಲೇ ನಿಲ್ಲಬೇಕು. ‘ಪ್ರಭಾವ’ ಎಂದು ಬರೆದರೆ ಒಂದು ಅಂಕ ಕಡಿಮೆ. ಇದಕ್ಕೆ ಎದುರಾಗಿ ಬೀಟಲ್ಸ್ ತಂಡದ 1969ರ ‘ಸನ್ ಕಿಂಗ್’ ಹಾಡನ್ನು ಕೇಳಿಸಬಹುದು; ಅದಕ್ಕೆ ‘ಆಲ್ಬಟ್ರಾಸ್’ ಪ್ರೇರಣೆ ಎಂದು ಜಾರ್ಜ್ ಹ್ಯಾರಿಸನ್ ತಾವೇ ಒಪ್ಪಿದ್ದಾರೆ. ಕೃತಿಕಾರರ ಒಪ್ಪಿಗೆ ಒಂದು ಬಗೆಯ ಆಧಾರ. ಕಿವಿಯ ಅನಿಸಿಕೆ ಇನ್ನೊಂದು ಬಗೆಯದು.

ಹಂತ 4: ಸರಪಳಿ ಹಿಂದಕ್ಕೂ ಇದೆ

ಇಷ್ಟಾಗುವಾಗ ತರಗತಿಯಲ್ಲಿ ಒಂದು ನಂಬಿಕೆ ಬೇರೂರಿರುತ್ತದೆ: ಅಮೆರಿಕದವರು ಮೂಲ, ಇಂಗ್ಲೆಂಡಿನವರು ಪ್ರತಿ. ಅದನ್ನು ಅಲುಗಿಸಲು ಮೂರನೆಯ ತುಣುಕು ಕೇಳಿಸಬೇಕು. ಅದು ರಾಬರ್ಟ್ ಜಾನ್ಸನ್ 1936ರ ನವೆಂಬರಿನಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಒಂದೇ ಗಿಟಾರ್ ಹಿಡಿದು ಮುದ್ರಿಸಿದ ಹಾಡು. ‘ಡಸ್ಟ್ ಮೈ ಬ್ರೂಮ್’ ಮೊದಲು ಜಾನ್ಸನ್‌ರದ್ದು. ಅವರು ಆ ಮೂರು ಹೊಡೆತದ ನುಡಿಯನ್ನು ಬೆರಳಿನಿಂದ ನುಡಿಸಿದ್ದರು. ಅದಕ್ಕೆ ಜಾರುಕೊಳವೆಯನ್ನೂ ವಿದ್ಯುತ್ತಿನ ಅಬ್ಬರವನ್ನೂ ಕೊಟ್ಟವರು ಜೇಮ್ಸ್. ಹಾಡಿನ ಹೆಸರಾದ ಆ ನುಡಿಗಟ್ಟು ಕೊಕೊಮೊ ಆರ್ನಾಲ್ಡ್ ಅವರ 1934ರ ಮುದ್ರಣವೊಂದರಲ್ಲೂ ಇದೆ. ‘ಮೂಲ’ ಎಂದುಕೊಂಡವರೂ ಪಡೆದವರೇ. ಆದರೆ ಜೇಮ್ಸ್ ಪಡೆದದ್ದನ್ನು ಗುರುತು ಹಿಡಿಯದಷ್ಟು ಬದಲಿಸಿದರು. ಸ್ಪೆನ್ಸರ್ ಪಡೆದದ್ದನ್ನು ಪಡೆದಂತೆ ಕಾಪಾಡಿದರು. ಈಗ ಪ್ರಶ್ನೆ (ಈ) ಎಷ್ಟು ಮುಖ್ಯ ಎಂಬುದು ತಾನಾಗಿ ಕಾಣುತ್ತದೆ.

ಅಭಿಮಾನಿಗಳು ಪ್ರತಿ ವಾದಕರಿಗೂ ಒಬ್ಬ ಬ್ಲೂಸ್ ಹಿರಿಯರನ್ನು ಜೋಡಿಸಲು ಹೊರಟಾಗ ಡ್ಯಾನಿ ಕಿರ್ವಾನ್ ಹತ್ತಿರ ಬಂದು ನಿಲ್ಲುತ್ತಾರೆ. ‘ಆಲ್ಬಟ್ರಾಸ್’ ತಟ್ಟೆಯ ಇನ್ನೊಂದು ಬದಿಯಲ್ಲಿ ಕಿರ್ವಾನ್ ನುಡಿಸಿದ ‘ಜಿಗ್ಸಾ ಪಜಲ್ ಬ್ಲೂಸ್’ ಇದೆ. ಹೆಸರಿನಲ್ಲಿ ಬ್ಲೂಸ್ ಇದ್ದರೂ ಅದು 1933ರಲ್ಲಿ ಪಿಟೀಲು ವಾದಕ ಜೋ ವೆನುಟಿ ಮತ್ತು ಗಿಟಾರ್ ವಾದಕ ಎಡ್ಡಿ ಲ್ಯಾಂಗ್ ನುಡಿಸಿದ ಜಾಝ್ ಕೃತಿಯ ರೂಪಾಂತರ. ಖಾನೆ ಮೊದಲೇ ಹಾಕಿಕೊಂಡು ಹೊರಟರೆ ಖಾನೆಗೆ ಸೇರದ್ದು ಕಣ್ಣಿಗೆ ಬೀಳುವುದಿಲ್ಲ.

ಹಂತ 5: ಋಣದ ಪ್ರಶ್ನೆ

ಇದು ಚರ್ಚೆಯ ಹಂತ. ಎಲ್ಮೋರ್ ಜೇಮ್ಸ್ 1963ರ ಮೇ ತಿಂಗಳಲ್ಲಿ, 45ನೇ ವಯಸ್ಸಿನಲ್ಲಿ ಶಿಕಾಗೋದಲ್ಲಿ ತೀರಿಕೊಂಡರು. ಲಂಡನ್ನಿನ ಹುಡುಗರು ತಮ್ಮ ಹಾಡಿನಿಂದ ಸಭಾಂಗಣ ತುಂಬಿಸಿದ್ದನ್ನು ಅವರು ನೋಡಲಿಲ್ಲ. 1969ರ ಜನವರಿಯಲ್ಲಿ ಫ್ಲೀಟ್‌ವುಡ್ ಮ್ಯಾಕ್ ತಂಡ ಶಿಕಾಗೋದ ಚೆಸ್ ಸಂಸ್ಥೆಯ ಸ್ಟುಡಿಯೋಕ್ಕೆ ಹೋಯಿತು. ಓಟಿಸ್ ಸ್ಪ್ಯಾನ್, ವಿಲ್ಲಿ ಡಿಕ್ಸನ್, ಬಡ್ಡಿ ಗೈ, ವಾಲ್ಟರ್ ಹಾರ್ಟನ್ ಮೊದಲಾದ ಹಿರಿಯರ ಜೊತೆ ಕುಳಿತು ಮುದ್ರಣ ಮಾಡಿತು. ಅಲ್ಲಿ ಸ್ಯಾಕ್ಸೋಫೋನ್ ಹಿಡಿದು ಬಂದವರಲ್ಲಿ ಜೆ.ಟಿ. ಬ್ರೌನ್ ಒಬ್ಬರು. ಅವರು ಎಲ್ಮೋರ್ ಜೇಮ್ಸ್ ಅವರ ತಂಡದಲ್ಲೇ ನುಡಿಸಿದ್ದವರು. ತಾನು ತಟ್ಟೆಗಳಿಂದ ಕಲಿತ ಸಂಗೀತವನ್ನು ಸ್ಪೆನ್ಸರ್ ಆ ದಿನ ಅದರ ಸ್ವಂತ ಮನೆಯವರೊಬ್ಬರ ಜೊತೆ ನುಡಿಸಿದರು. ಆ ವರ್ಷ ಮುಗಿಯುವ ಮೊದಲೇ ಬ್ರೌನ್ ತೀರಿಕೊಂಡರು.

ಚರ್ಚೆಗೆ ಎರಡು ಪ್ರಶ್ನೆ ಸಾಕು. ‘ಹೆಸರು ಹೇಳಿ ತೆಗೆದುಕೊಳ್ಳುವುದಕ್ಕೂ ಹೇಳದೆ ತೆಗೆದುಕೊಳ್ಳುವುದಕ್ಕೂ ಏನು ಅಂತರ?’ ‘ಹೆಸರು ಹೇಳಿದ ಮಾತ್ರಕ್ಕೆ ಋಣ ತೀರಿತೇ?’ ಉತ್ತರವನ್ನು ಶಿಕ್ಷಕರು ಹೇಳಬಾರದು.

ಎಲ್ಲಿ ತಪ್ಪಿತು

ಮೊದಲ ಬಾರಿ ಈ ಪಾಠ ಮಾಡಿದಾಗ ಕ್ರಮ ಹಿಂದುಮುಂದಾಗಿತ್ತು. ಇತಿಹಾಸ ಮೊದಲು ಹೇಳಿ, ಚಿತ್ರಗಳನ್ನು ತೋರಿಸಿ, ಆಮೇಲೆ ಹಾಡು ಕೇಳಿಸಿದ್ದೆ. ‘ಸ್ಪೆನ್ಸರ್ ಜೇಮ್ಸ್ ಅವರನ್ನು ಅನುಕರಿಸಿದರು’ ಎಂದು ನಾನು ಹೇಳಿದ್ದನ್ನೇ ಎಲ್ಲರೂ ಬರೆದರು. ಕೇಳಿಸಿಕೊಂಡದ್ದಕ್ಕೂ ಬರೆದದ್ದಕ್ಕೂ ಸಂಬಂಧವಿರಲಿಲ್ಲ. ಸಾಮ್ಯದ ಅಂಕಣದಲ್ಲಿ ‘ಇಬ್ಬರೂ ಗಿಟಾರ್ ನುಡಿಸುತ್ತಾರೆ’, ‘ಇಬ್ಬರೂ ಗಂಡಸರು’ ಎಂಬ ಉತ್ತರಗಳೂ ಬಂದವು. ಅವು ತಪ್ಪಲ್ಲ, ಪ್ರಶ್ನೆಯೇ ದುರ್ಬಲವಾಗಿತ್ತು. ಎರಡನೆಯ ಬಾರಿಗೆ ಧ್ವನಿ ಮೊದಲು, ಹೆಸರು ಆಮೇಲೆ ಎಂದು ತಿರುಗಿಸಿದೆ. ಎರಡು ಅಂಕಣ ಬಿಟ್ಟು ನಾಲ್ಕು ಪ್ರಶ್ನೆ ತಂದೆ. ಪಾಠ ನಿಂತಿತು.

ಸ್ವಂತ ವಿಷಯಕ್ಕೆ ಒಯ್ಯುವುದು

ಅದೇ ನಾಲ್ಕು ಪ್ರಶ್ನೆಗಳನ್ನು ಪಂಪ ಮತ್ತು ರನ್ನರಿಗೆ ಹಾಕಿ ನೋಡಬಹುದು. ಇಬ್ಬರದೂ ಚಂಪೂ ಎಂಬುದು ಪ್ರಶ್ನೆ (ಆ)ದಲ್ಲಿ ನಿಲ್ಲುವುದಿಲ್ಲ. ಅದು ಆ ಕಾಲದ ಸಾಮಾನ್ಯ ರೂಪ. ಆದರೆ ಪಂಪಭಾರತದ 13ನೆಯ ಆಶ್ವಾಸದಲ್ಲಿ ಬರುವ ಭೀಮ ದುರ್ಯೋಧನರ ಗದಾಯುದ್ಧದ ಪ್ರಸಂಗ ರನ್ನನ ‘ಗದಾಯುದ್ಧ’ಕ್ಕೆ ಬೀಜವಾಯಿತೆಂಬುದನ್ನು ವಿದ್ವಾಂಸರು ಪದ್ಯಗಳ ಮಟ್ಟದಲ್ಲಿ ತೋರಿಸಿದ್ದಾರೆ. ಬದಲಾವಣೆಯೂ ದೊಡ್ಡದು: ಒಂದು ಆಶ್ವಾಸದ ಘಟನೆಯನ್ನು ರನ್ನ ಇಡೀ ಕಾವ್ಯದ ಕೇಂದ್ರವಾಗಿಸಿ, ನಡೆದುಹೋದ ಕತೆಯನ್ನೆಲ್ಲ ಹಿನ್ನೋಟದಲ್ಲಿ ತಂದ. ‘ರನ್ನನು ಪಂಪನಿಂದ ಪ್ರಭಾವಿತನಾಗಿದ್ದಾನೆ’ ಎಂದು ನಾವು ಒಂದು ವಾಕ್ಯದಲ್ಲಿ ಬರೆಸಿ ಮುಗಿಸುವ ವಿಷಯ ಹೀಗೆ ಒಂದು ಅವಧಿಯ ಚಟುವಟಿಕೆಯಾಗುತ್ತದೆ.

ಮೌಲ್ಯಮಾಪನ

ತಮಗೆ ಪರಿಚಿತವಾದ ಯಾವುದೇ ಎರಡು ಹಾಡು, ಕವಿತೆ ಅಥವಾ ಕತೆಯನ್ನು ಹೋಲಿಸಿ 10 ವಾಕ್ಯ ಬರೆಯಬೇಕು. ಒಟ್ಟು 10 ಅಂಕ: ಹೋಲಿಕೆಯ ಅಂಶವನ್ನು ಖಚಿತವಾಗಿ ಹೇಳಿದ್ದಕ್ಕೆ 2, ಸಾಮಾನ್ಯ ಮತ್ತು ವಿಶೇಷ ಅಂಶಗಳನ್ನು ಬೇರ್ಪಡಿಸಿದ್ದಕ್ಕೆ 2, ಆಧಾರಕ್ಕೆ 2, ಬದಲಾವಣೆ ಗುರುತಿಸಿದ್ದಕ್ಕೆ 2, ಆಧಾರದ ಬಲಕ್ಕೆ ತಕ್ಕ ಪದ ಬಳಸಿದ್ದಕ್ಕೆ 2. ಕೊನೆಯ 2 ಅಂಕ ಗಳಿಸುವುದೇ ಕಷ್ಟ. ‘ಇರಬಹುದು’, ‘ಎನ್ನಲು ಆಧಾರವಿದೆ’, ‘ಖಚಿತ’ ಇವು ಮೂರು ಬೇರೆ ಬೇರೆ ಮೆಟ್ಟಿಲು ಎಂದು ಮಕ್ಕಳಿಗೆ ಮೊದಲೇ ತಿಳಿಸಿರಬೇಕು.

ಪ್ರಶಿಕ್ಷಣಾರ್ಥಿಗಳೊಂದಿಗೆ ಒಂದು ಮಾತು

ಪ್ರಾತ್ಯಕ್ಷಿಕೆ ಮುಗಿದ ಮೇಲೆ ಒಬ್ಬ ಪ್ರಶಿಕ್ಷಣಾರ್ಥಿ ಬೋಧನಾಭ್ಯಾಸದ ಶಾಲೆಯಿಂದ ತಂದಿದ್ದ ಪ್ರಬಂಧ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟಳು. 8ನೇ ತರಗತಿಯ ಹುಡುಗಿಯೊಬ್ಬಳು ಮಳೆಗಾಲದ ಬಗ್ಗೆ ಬರೆದದ್ದು. ಮೊದಲ ನಾಲ್ಕು ವಾಕ್ಯ ಗೈಡಿನವು, ಅಕ್ಷರಶಃ. ಈಕೆ ಪುಟದ ಅಡ್ಡಕ್ಕೆ ಕೆಂಪು ಶಾಯಿಯಲ್ಲಿ ‘ನಕಲು’ ಎಂದು ಬರೆದು ಸೊನ್ನೆ ಕೊಟ್ಟಿದ್ದಳು. ‘ಈಗ ಏನು ಮಾಡಲಿ?’ ಎಂದು ಕೇಳಿದಳು.

ನಾಲ್ಕು ಪ್ರಶ್ನೆಗಳನ್ನು ಆ ಪುಟಕ್ಕೇ ಹಾಕಿ ಓದಿದೆವು. ಮೊದಲ ನಾಲ್ಕು ವಾಕ್ಯದ ಬಗ್ಗೆ ಸಂಶಯವಿರಲಿಲ್ಲ. ಐದನೆಯ ವಾಕ್ಯದಿಂದ ಒದ್ದೆ ಸೌದೆ, ಹೊಗೆ ತುಂಬಿದ ಅಡುಗೆಮನೆ, ಸೋರುವ ಜಾಗಕ್ಕೆ ಪಾತ್ರೆ ಇಟ್ಟು ಎರಡು ಬಾರಿ ಎದ್ದು ಚೆಲ್ಲಿದ ರಾತ್ರಿ. ಅದು ಯಾವ ಗೈಡಿನಲ್ಲೂ ಇರಲಿಲ್ಲ. ಆ ಹುಡುಗಿಗೆ ಶುರು ಮಾಡಲು ಯಾರದಾದರೂ ನುಡಿ ಬೇಕಿತ್ತು. ಶುರುವಾದ ಮೇಲೆ ತನ್ನ ಮಾತು ಬಂದಿತ್ತು. ಪ್ರಶಿಕ್ಷಣಾರ್ಥಿ ಮರುದಿನ ಆ ಕೆಂಪು ಪದವನ್ನು ಹೊಡೆದು, ನಾಲ್ಕು ವಾಕ್ಯದ ಪಕ್ಕ ‘ಇದು ಎಲ್ಲಿಂದ ಬಂತು, ಬರೆ’ ಎಂದೂ, ಉಳಿದದ್ದರ ಪಕ್ಕ ‘ಇದು ನಿನ್ನದು, ಇಲ್ಲಿಂದಲೇ ಶುರು ಮಾಡಬಹುದಿತ್ತು’ ಎಂದೂ ಬರೆದು ಅಂಕ ತಿದ್ದಿದಳು. ಹುಡುಗಿ ಏನೂ ಹೇಳಲಿಲ್ಲವಂತೆ. ಮುಂದಿನ ವಾರದ ಪ್ರಬಂಧವನ್ನು ಎಲ್ಲರಿಗಿಂತ ಮೊದಲು ತಂದುಕೊಟ್ಟಳಂತೆ.

ನಮ್ಮ ಬೋಧನಾಭ್ಯಾಸವೂ ಇದಕ್ಕಿಂತ ಬೇರೆಯಲ್ಲ. ಮೊದಲ ಐದಾರು ಪಾಠಗಳಲ್ಲಿ ಪ್ರಶಿಕ್ಷಣಾರ್ಥಿಗಳು ತಮ್ಮ ವಿಧಾನದ ಉಪನ್ಯಾಸಕರ ಧ್ವನಿಯಲ್ಲೇ ಪ್ರಶ್ನೆ ಕೇಳುತ್ತಾರೆ, ಅವರಂತೆಯೇ ಸೀಮೆಸುಣ್ಣ ಹಿಡಿಯುತ್ತಾರೆ. ವೀಕ್ಷಣಾ ಪುಸ್ತಕದಲ್ಲಿ ನಾವು ‘ಸ್ವಂತಿಕೆ ಇಲ್ಲ’ ಎಂದು ಬರೆದುಬಿಡುತ್ತೇವೆ. ಮುಂದಿನ ಬಾರಿ ಹಾಗೆ ಬರೆಯುವ ಮೊದಲು ಮೂರನೆಯ ಪಾಠವನ್ನೂ ಹದಿನೈದನೆಯ ಪಾಠವನ್ನೂ ಪಕ್ಕಪಕ್ಕ ಇಟ್ಟು, ಏನನ್ನು ತೆಗೆದುಕೊಂಡರು, ಏನನ್ನು ಬದಲಿಸಿದರು ಎಂಬ ಎರಡು ಸಾಲನ್ನು ಮಾರ್ಗದರ್ಶಕರು ಬರೆಯಲಿ. ಪ್ರಶಿಕ್ಷಣಾರ್ಥಿಗಳೂ ತಮ್ಮ ದಿನಚರಿಯಲ್ಲಿ ಅದೇ ಎರಡು ಸಾಲನ್ನು ಬರೆಯಲಿ. ಎರಡನ್ನೂ ಕೊನೆಯ ಟೀಕಾ ಪಾಠದ ದಿನ ಒಟ್ಟಿಗೆ ಓದಿ ನೋಡಬಹುದು.